ಎಂಡೋಸ್ಕೋಪಿ: ಘಟ್ಟ ಇಳಿಯೋ ಮುನ್ನ ಗೊತ್ತಿರಬೇಕಾದ್ದು

ಮೂಡಿಗೆರೆ, ಕಳಸ ಕಡೆ ಹೊಟ್ಟೆ ಉರಿ ಅಂದರೆ ಮೆಡಿಕಲ್ ಶಾಪಿನ 'ಗ್ಯಾಸ್' ಮಾತ್ರೆಯೇ ಮೊದಲ ಮದ್ದು. ತಿಂಗಳುಗಟ್ಟಲೆ ನುಂಗಿದರೆ ಉರಿಯೇನೋ ಅಡಗುತ್ತದೆ, ಒಳಗಿನ ಗಡ್ಡೆ ಹಾಗೇ ಬೆಳೆಯುತ್ತಿರಬಹುದು. ತುತ್ತು ಸಿಕ್ಕಿಕೊಂಡಂತಾದರೆ, ತೂಕ ಇಳಿದರೆ ತಡ ಮಾಡಬಾರದು. ರಕ್ತ ವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ತಕ್ಷಣ ಆಸ್ಪತ್ರೆಗೆ. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ತಗೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ.)

ಕ್ಯಾಮೆರಾ ಇರುವ ತೆಳು ಕೊಳವೆಯನ್ನು ಬಾಯಿಂದ ಇಳಿಸಿ ಅನ್ನನಾಳ, ಜಠರ, ಸಣ್ಣ ಕರುಳಿನ ಆರಂಭ ನೋಡುವುದೇ ಎಂಡೋಸ್ಕೋಪಿ. ಸಾಮಾನ್ಯವಾಗಿ ಹತ್ತು-ಹದಿನೈದು ನಿಮಿಷದ ಕೆಲಸ. ರಕ್ತ ಸೋರುವ ಹುಣ್ಣಿಗೆ ಅಲ್ಲೇ ಕ್ಲಿಪ್ ಹಾಕಬಹುದು, ಚೂರು ತೆಗೆದು ಎಚ್. ಪೈಲೋರಿ ಬ್ಯಾಕ್ಟೀರಿಯಾ ಇದೆಯೇ ಎಂದು ಪರೀಕ್ಷಿಸಬಹುದು. ಹುಣ್ಣಿಗೆ ಖಾರ, ಟೆನ್ಶನ್ ಕಾರಣ ಅನ್ನೋ ನಂಬಿಕೆ ಕೆಡವಿದ್ದು ಇದೇ ಬ್ಯಾಕ್ಟೀರಿಯಾ. ಪತ್ತೆ ಮಾಡಿದ ಮಾರ್ಷಲ್, ವಾರೆನ್‌ಗೆ 2005ರಲ್ಲಿ ನೊಬೆಲ್ ಬಂತು. ನೋವಿನ ಮಾತ್ರೆ ಇನ್ನೊಂದು ದೊಡ್ಡ ಕಾರಣ. ಕೊಯ್ಲಿನ ಕಾಲದಲ್ಲಿ ಸೊಂಟ ನೋವಿಗೆ ದಿನಾ ನುಂಗುವವರು ಗಮನಿಸಬೇಕು.

ಪರೀಕ್ಷೆಗೆ ಮುನ್ನ ಆರರಿಂದ ಎಂಟು ಗಂಟೆ ಖಾಲಿ ಹೊಟ್ಟೆ; ಬೆಳಗಿನ ಕಾಫಿಯೂ ಇಲ್ಲ. ರಕ್ತ ತೆಳು ಮಾಡುವ ಮಾತ್ರೆ, ಶುಗರ್ ಮಾತ್ರೆ ಇದ್ದರೆ ಮೊದಲೇ ತಿಳಿಸಿ, ನೀವೇ ನಿಲ್ಲಿಸಬೇಡಿ. ನಿದ್ದೆ ಮದ್ದು ಕೊಟ್ಟರೆ ಆ ದಿನ ಗಾಡಿ ಓಡಿಸುವಂತಿಲ್ಲ, ಚಾರ್ಮಾಡಿ ತಿರುವಲ್ಲಂತೂ ಬೇಡವೇ ಬೇಡ. ಜೊತೆಗೊಬ್ಬರು ಇರಲಿ.

ದೊಡ್ಡ ಕರುಳಿನ ಕೊಲೊನೋಸ್ಕೋಪಿಗೆ ಪಾಡು ಬೇರೆ. ಹೊಟ್ಟೆ ತೊಳೆಯುವ ಔಷಧಿ ಕುಡಿದು ಕಳಸದಿಂದ ಕುದುರೆಮುಖ ಮಾರ್ಗವಾಗಿ ಬಸ್ಸಲ್ಲಿ ಮಣಿಪಾಲಕ್ಕೆ ಹೊರಟರೆ ದಾರಿಯುದ್ದಕ್ಕೂ ಫಜೀತಿ. ಹಿಂದಿನ ದಿನವೇ ಹೋಗಿ, ಆಸ್ಪತ್ರೆ ಹತ್ತಿರ ಉಳಿದು ಕುಡಿಯುವುದು ಲೇಸು.