ಮಣ್ಣಗೆಯುವ ಯಂತ್ರಗಳ ಸಂದೇಶದೋಷ: ನಿದಾನವಿದ್ಯೆಯ ಚಾರಿತ್ರಿಕ ವಿಚಾರ

ಕೆರೆ ಕಾಲುವೆಗಳನ್ನು ಕಟ್ಟಿಸಿದವರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ; ಅವನ್ನು ಅಗೆದ ಕೈಗಳ ವಿಚಾರ ನಮಗೆ ದೊರೆಯುವುದು ವಿರಳ. ಜನಪದ ಹಾಡಿನಲ್ಲಿ ಹೆಸರಾದ ಕುಣಿಗಲ್ ಕೆರೆಯಿರುವ ಈ ಸೀಮೆಯಲ್ಲಿ ಮಣ್ಣಿನ ಕೆಲಸವು ಬಹುಕಾಲ ಗುದ್ದಲಿ, ಹಾರೆ, ಮಂಕರಿಗಳಿಂದಲೇ ನಡೆಯಿತು. ಈಗ ಆ ಸ್ಥಾನಕ್ಕೆ ಯಂತ್ರಗಳು ಬಂದಿವೆ. 2017ರಲ್ಲಿ ಕುಣಿಗಲ್ ಮಾರ್ಗವಾಗಿ ಪೂರ್ಣಗೊಂಡ ಬೆಂಗಳೂರು-ಹಾಸನ ರೈಲುದಾರಿ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಉದ್ಘಾಟಿತವಾದ ಹೆಲಿಕಾಪ್ಟರ್ ಕಾರ್ಖಾನೆ, ತುಮಕೂರಿನ ಹೆದ್ದಾರಿಗಳು, ಇವೆಲ್ಲವುಗಳ ಹಿಂದೆ ಅವುಗಳ ದುಡಿಮೆಯಿದೆ. ಈ ಯಂತ್ರಗಳು ಕೆಟ್ಟಾಗ ದೋಷವನ್ನು ಕಂಡುಹಿಡಿಯುವ ವಿದ್ಯೆ ಹೇಗೆ ಮಾರ್ಪಟ್ಟಿತು, ಆ ವಿದ್ಯೆ ಈಗ ಯಾರ ಕೈಯಲ್ಲಿದೆ ಎಂಬುದನ್ನು ನಾವಿಲ್ಲಿ ಸಂಕ್ಷೇಪವಾಗಿ ಪರಿಶೀಲಿಸೋಣ.

ನಮ್ಮ ರಾಜ್ಯದಲ್ಲಿ ಭಾರಿ ಯಂತ್ರಗಳ ತಯಾರಿಕೆಗೆ ಭದ್ರವಾದ ನೆಲೆ ದೊರೆತುದು 1964ರ ಮೇ ತಿಂಗಳಲ್ಲಿ ಭಾರತ್ ಅರ್ತ್ ಮೂವರ್ಸ್ ಸಂಸ್ಥೆ ಸ್ಥಾಪಿತವಾದಾಗ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿರುವ ಅದರ ಕಾರ್ಖಾನೆಯಲ್ಲಿ ಬುಲ್ಡೋಜರುಗಳು ತಯಾರಾದುವು. ಆ ಕಾಲದ ಯಂತ್ರಗಳಲ್ಲಿ ಚಾಲಕನ ಕೈಗೂ ಯಂತ್ರದ ಅಂಗಗಳಿಗೂ ನಡುವೆ ಇದ್ದುದು ಸನ್ನೆ, ಸರಳು ಮತ್ತು ಎಣ್ಣೆಯ ಒತ್ತಡ. ಅವುಗಳ ದೋಷವನ್ನು ಅನುಭವಿಯಾದ ಮೆಕ್ಯಾನಿಕ್ಕನು ಕಿವಿಯಿಂದ, ಕೈಯಿಂದ, ಒತ್ತಡಮಾಪಕದಿಂದ ಅರಿಯುತ್ತಿದ್ದನು. ಗುರುವಿನ ಪಕ್ಕದಲ್ಲಿ ನಿಂತು ಕಲಿಯಬಹುದಾಗಿದ್ದ ವಿದ್ಯೆ ಅದು.

ಈ ಪರಿಸ್ಥಿತಿಯನ್ನು ಬದಲಿಸಿದ ಬೆಳೆವಣಿಗೆ ಜರ್ಮನಿಯದು. ಮೋಟಾರುವಾಹನಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಕಗಳು ಹೆಚ್ಚಿದಂತೆ ಒಂದೊಂದಕ್ಕೂ ಬೇರೆ ಬೇರೆ ತಂತಿ ಎಳೆಯುವುದು ದುಸ್ಸಾಧ್ಯವಾಯಿತು. ಬಾಷ್ ಸಂಸ್ಥೆಯು 1983ರಲ್ಲಿ ಕೈಗೊಂಡು 1986ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಪ್ರಕಟಪಡಿಸಿದ ಕ್ಯಾನ್ ಎಂಬ ಪದ್ಧತಿಯಲ್ಲಿ, ಎಲ್ಲ ನಿಯಂತ್ರಕಗಳೂ ಹೆಣೆದ ಎರಡೇ ತಂತಿಗಳ ಮೇಲೆ ಸರದಿಯಂತೆ ಮಾತನಾಡುತ್ತವೆ. ಅಲ್ಲಿ ಒಡೆಯನಿಲ್ಲ. ಇಬ್ಬರು ಏಕಕಾಲಕ್ಕೆ ನುಡಿಯತೊಡಗಿದರೆ ಹೆಚ್ಚು ಮಹತ್ತ್ವದ ಸಂದೇಶವು ಮುಂದುವರಿದು ಇನ್ನೊಂದು ಕಾಯುತ್ತದೆ. ತನ್ನ ತಪ್ಪುಗಳನ್ನು ತಾನೇ ಎಣಿಸಿಕೊಳ್ಳುವ ನಿಯಂತ್ರಕವು ಆ ಎಣಿಕೆ 255ನ್ನು ಮೀರಿದರೆ ತಾನಾಗಿ ಮೌನ ವಹಿಸುತ್ತದೆ. ಈ ಪದ್ಧತಿಯನ್ನು ಭಾರಿ ವಾಹನಗಳಿಗೆ ಅಳವಡಿಸಿದ ಜೆ 1939 ಎಂಬ ನಿಯಮಾವಳಿಯು ಈಗ ಭಾರಿ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಭಾರತದಲ್ಲಿ ನಿರ್ಮಾಣಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ನಾಲ್ಕನೆಯ ಹಂತದ, 2025ರ ಜನವರಿಯಿಂದ ಐದನೆಯ ಹಂತದ ಹೊಗೆ ನಿಯಮಗಳು ಜಾರಿಗೆ ಬಂದುದರಿಂದ ಎಲೆಕ್ಟ್ರಾನಿಕ್ ಎಂಜಿನ್ನುಗಳ ಬಳಕೆ ಇನ್ನೂ ಹೆಚ್ಚಿತು.

ಈ ತಂತಿಗಳಲ್ಲಿ ದೋಷ ಬಂದರೆ ಅದನ್ನು ಹುಡುಕುವ ಬಗೆ ಹೇಗೆ? ತಂತಿಜೋಡಿಯ ಎರಡು ತುದಿಗಳಲ್ಲಿಯೂ 120 ಓಂಗಳ ಒಂದೊಂದು ರೋಧಕವಿರುತ್ತದೆ. ಬ್ಯಾಟರಿಯನ್ನು ಬೇರ್ಪಡಿಸಿ, ತಪಾಸಣೆಯ ಕನೆಕ್ಟರಿನಲ್ಲಿ ಆ ಎರಡು ತಂತಿಗಳ ನಡುವೆ ಮಲ್ಟಿಮೀಟರನ್ನು ಹಿಡಿದರೆ ಸುಮಾರು 60 ಓಂ ತೋರಬೇಕು. 120 ತೋರಿದರೆ ತಂತಿ ಎಲ್ಲಿಯೋ ತುಂಡಾಗಿದೆ, ಇಲ್ಲವೆ ಒಂದು ರೋಧಕ ಕಳಚಿದೆ. ಸೊನ್ನೆಯ ಸಮೀಪಕ್ಕೆ ಬಂದರೆ ತಂತಿಗಳೆರಡೂ ಒಂದಕ್ಕೊಂದು ತಗುಲಿವೆ. 40 ತೋರಿದರೆ ಯಾರೋ ಮೂರನೆಯ ರೋಧಕವನ್ನು ಸೇರಿಸಿದ್ದಾರೆ. ಬಳಿಕ ನಿಯಂತ್ರಕಗಳನ್ನು ಒಂದೊಂದಾಗಿ ಕಳಚುತ್ತ, ತಂತಿಯ ಭಾಗಗಳನ್ನು ಬೇರ್ಪಡಿಸುತ್ತ ಹೋದರೆ ದೋಷದ ಸ್ಥಳ ಗೋಚರವಾಗುತ್ತದೆ. ಯಂತ್ರ ನಿಂತಿರುವಾಗ ಅಳತೆ ಸರಿಯಿದ್ದು, ದುಡಿಯುವಾಗ ಮಾತ್ರ ಕೆಡುವುದೂ ಉಂಟು. ಆಗ ಮೀಟರನ್ನು ಜೋಡಿಸಿಯೇ ವೈರುಗಳನ್ನು ಅಲುಗಿಸಿ ನೋಡಬೇಕಾಗುತ್ತದೆ.

ಚರಿತ್ರೆಯ ವಿದ್ಯಾರ್ಥಿಗೆ ಇದು ಅಪರಿಚಿತ ವಿಧಾನವೇನೂ ಅಲ್ಲ. ಬೆಂಗಳೂರಿಗೆ ತಂತಿವಾರ್ತೆ ಬಂದುದು 1850ರ ದಶಕದಲ್ಲಿ; ತುಮಕೂರಿಗೆ ರೈಲು ಬಂದುದು 1884ರಲ್ಲಿ. ಮೈಲಿಗಟ್ಟಲೆ ಹಬ್ಬಿದ ತಂತಿ ಎಲ್ಲಿ ಕೆಟ್ಟಿದೆಯೆಂಬುದನ್ನು ಆ ಕಾಲದ ತಂತಿ ಇಲಾಖೆಗಳು ಠಾಣೆಯಲ್ಲಿಯೇ ಕುಳಿತು ರೋಧವನ್ನು ಅಳೆದು ಲೆಕ್ಕಹಾಕುತ್ತಿದ್ದುವು. 1843ರಲ್ಲಿ ಇಂಗ್ಲೆಂಡಿನ ವ್ಹೀಟ್‌ಸ್ಟನ್ ಪ್ರಚಾರಕ್ಕೆ ತಂದ ಮಾಪನಸೇತುವೆಯೇ ಅದಕ್ಕೆ ಆಧಾರ. ಮೈಲಿಗಳ ಸ್ಥಳದಲ್ಲಿ ಈಗ ಮೀಟರುಗಳು ಬಂದಿವೆ, ತತ್ತ್ವವು ಮಾತ್ರ ಅದೇ ಆಗಿದೆ.

ಆದರೆ ಹೊಸ ಯಂತ್ರವು ಇನ್ನೊಂದು ಸಾಕ್ಷ್ಯವನ್ನೂ ಒದಗಿಸುತ್ತದೆ. ಎರರ್ ಕೋಡ್ ಎಂದು ಕರೆಯುವ ದೋಷಸಂಕೇತವು ಪರದೆಯ ಮೇಲೆ ಮೂಡುತ್ತದೆ. ಜೆ 1939ರಲ್ಲಿ ಅದಕ್ಕೆ ಎರಡು ಮುಖ್ಯ ಅಂಕಿಗಳು: ಸಂಶಯಕ್ಕೆ ಗುರಿಯಾದ ಅಂಶ ಯಾವುದು, ಕೆಟ್ಟ ಬಗೆ ಯಾವುದು. 639 ಎಂಬ ಅಂಕಿ ಸಂದೇಶಜಾಲವನ್ನೇ ಸೂಚಿಸುತ್ತದೆ. 9 ಎಂಬ ಬಗೆಯು ಸಂದೇಶ ನಿಯತಕಾಲಕ್ಕೆ ಬರಲಿಲ್ಲವೆಂದು ಹೇಳುತ್ತದೆ. ಮೌನ ಯಾವುದೆಂಬುದನ್ನು ಸಂಕೇತ ಹೇಳೀತು, ಮೌನವೇಕೆಂಬುದನ್ನು ಹೇಳಲಾರದು. ತೋಳಿನ ಕೀಲಿನ ಬಳಿ ಸವೆದ ವೈರು, ತೊಳೆಯುವಾಗ ಕನೆಕ್ಟರಿನೊಳಗೆ ಸೇರಿದ ನೀರು, ಇಲಿ ಕಡಿದ ಹೊದಿಕೆ, ಬ್ಯಾಟರಿ ಕಳಚದೆ ಮಾಡಿದ ವೆಲ್ಡಿಂಗ್, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ನಾಲ್ಕಾರು ನಿಯಂತ್ರಕಗಳು ಏಕಕಾಲಕ್ಕೆ ದೂರು ಹೇಳಿದರೆ ನಾಲ್ಕಾರೂ ಕೆಟ್ಟಿವೆಯೆಂದು ಭಾವಿಸುವುದು ದುಡುಕು. ಅವಕ್ಕೆಲ್ಲ ಸಾಮಾನ್ಯವಾದ ತಂತಿ, ಫ್ಯೂಸ್, ಅರ್ತ್‌ಗಳನ್ನು ಮೊದಲು ನೋಡುವುದು ವಿವೇಕ. ಒಂದೇ ಶಾಸನವನ್ನು ನಂಬಿ ತೀರ್ಮಾನಕ್ಕೆ ಬರಬಾರದೆಂದು ನಾವು ತರಗತಿಯಲ್ಲಿ ಹೇಳುವ ಮಾತು ಇಲ್ಲಿಯೂ ಸಲ್ಲುತ್ತದೆ.

ಇನ್ನು ಪ್ರಕೃತದ ಮುಖ್ಯ ಪ್ರಶ್ನೆ. ರೋಧವನ್ನು ಅಳೆಯುವ ಮೀಟರು ಯಾವ ಊರಿನ ಅಂಗಡಿಯಲ್ಲಿಯಾದರೂ ಸಿಕ್ಕೀತು. ತಯಾರಕರು ತಮ್ಮದೇ ಆಗಿ ಇಟ್ಟುಕೊಂಡ ಸಂಕೇತಗಳನ್ನು ಓದುವ, ಹೊಸ ನಿಯಂತ್ರಕವನ್ನು ಯಂತ್ರಕ್ಕೆ ಒಗ್ಗಿಸುವ ಸಾಫ್ಟ್‌ವೇರ್ ಮಾತ್ರ ಅನೇಕ ವೇಳೆ ಅವರ ಅಧಿಕೃತ ಸೇವಾಕೇಂದ್ರಗಳ ವಶದಲ್ಲಿಯೇ ಇರುತ್ತದೆ. ಸಾಲ ಮಾಡಿ ಯಂತ್ರ ಕೊಂಡವನಿಗೆ ಅದು ನಿಂತ ಒಂದೊಂದು ದಿನವೂ ನಷ್ಟ. ಪಕ್ಕದ ಊರಿನ ಮೆಕ್ಯಾನಿಕ್ಕನಿಗೆ ವಿದ್ಯೆಯಿದ್ದೂ ಬಾಗಿಲು ಮುಚ್ಚಿದಂತೆ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ವಿಚಾರಕ್ಕಾಗಿ ಸಮಿತಿಯನ್ನು ನೇಮಿಸಿತು. ಕೃಷಿಯಂತ್ರ, ಮೊಬೈಲು, ಗೃಹೋಪಯೋಗಿ ಸಾಮಗ್ರಿ, ಮೋಟಾರುವಾಹನ, ಇವು ಆಗ ಆರಿಸಿಕೊಂಡ ಕ್ಷೇತ್ರಗಳು. ನಿರ್ಮಾಣಯಂತ್ರಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ.

ತಯಾರಕರ ಪಕ್ಷದಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಅರಿಯದ ಕೈ ಹೊಗೆಯ ನಿಯಂತ್ರಣವನ್ನೂ ಸುರಕ್ಷತೆಯ ಏರ್ಪಾಟನ್ನೂ ಕೆಡಿಸಬಹುದು. ಆದರೆ ಅದಕ್ಕೆ ಪರಿಹಾರ ಅರಿವನ್ನು ಹರಡುವುದೇ ಹೊರತು ಮುಚ್ಚಿಡುವುದಲ್ಲವೆಂದು ನಮ್ಮ ಅಭಿಪ್ರಾಯ. ಗುದ್ದಲಿ ಹಿಡಿದವರ ಜ್ಞಾನವನ್ನು ನಮ್ಮ ಹಿಂದಿನವರು ಬರೆದಿಡಲಿಲ್ಲ, ಅದರಿಂದಾದ ನಷ್ಟವನ್ನು ನಾವು ಇಂದು ಅನುಭವಿಸುತ್ತಿದ್ದೇವೆ. ತುಮಕೂರು, ಗುಬ್ಬಿ, ಕುಣಿಗಲ್ಲುಗಳ ದುರಸ್ತಿ ಅಂಗಡಿಗಳಲ್ಲಿ ಮೆಕ್ಯಾನಿಕ್ಕರು ನೋಟ್‌ಪುಸ್ತಕಗಳಲ್ಲಿ ಗೀಚಿಕೊಂಡ ಅಳತೆಗಳು, ವೈರಿಂಗ್ ನಕ್ಷೆಗಳು, ಅವರ ಬಾಯಿಮಾತಿನ ಅನುಭವ, ಇವೂ ಚರಿತ್ರೆಯ ಆಕರಗಳೇ. ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವನ್ನು ಈಗಲೇ ಸಂಗ್ರಹಿಸಿ, ಕೈಗಾರಿಕಾ ತರಬೇತಿ ಕೇಂದ್ರಗಳಿಗೂ ಒದಗುವಂತೆ ಕನ್ನಡದಲ್ಲಿ ಬರೆದಿಡುವುದು ಅಗತ್ಯವಾಗಿದೆ.