ಜಾಕ್ಸನ್ ಬದುಕಿದ್ದಿದ್ದರೆ: ಅಮೆರಿಕದ ಅಂತರ್ಯುದ್ಧದ ಒಂದು ಪ್ರಶ್ನೆ

ಅಮೆರಿಕದ ಅಂತರ್ಯುದ್ಧ 1861ರ ಏಪ್ರಿಲ್‌ನಿಂದ 1865ರ ವಸಂತದವರೆಗೆ ನಡೆಯಿತು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಒಕ್ಕೂಟವನ್ನು ತೊರೆದು ಹೋದ ದಕ್ಷಿಣದ ಹನ್ನೊಂದು ರಾಜ್ಯಗಳು ಅದರಲ್ಲಿ ಸೋತವು. ಆ ಸೋಲಿಗೆ ಕಾರಣ ಹುಡುಕಿದವರಲ್ಲಿ ಅನೇಕರು 1863ರ ಮೇ 10ರಂದು ಸಂಭವಿಸಿದ ಒಂದು ಸಾವಿನತ್ತ ಬೆರಳು ತೋರಿಸಿದ್ದಾರೆ. ಅಂದು ತೀರಿಕೊಂಡವನು ‘ಸ್ಟೋನ್‌ವಾಲ್’ ಎಂದೇ ಹೆಸರಾದ ಸೇನಾನಿ ಥಾಮಸ್ ಜೊನಾಥನ್ ಜಾಕ್ಸನ್. ಅವನು ಬದುಕಿದ್ದಿದ್ದರೆ ದಕ್ಷಿಣ ಗೆಲ್ಲುತ್ತಿತ್ತೇ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಮೂರು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ: ಅವನು ನಿಜಕ್ಕೂ ಏನು ಸಾಧಿಸಿದ್ದ, ಅವನಿಲ್ಲದ ಕೊರತೆ ಎಲ್ಲಿ ಕಾಡಿತು, ಯುದ್ಧದ ಫಲ ನಿಂತಿದ್ದು ಯಾವುದರ ಮೇಲೆ.

ಜಾಕ್ಸನ್ 1824ರಲ್ಲಿ ವರ್ಜೀನಿಯದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಹುಟ್ಟಿದ. 1846ರಲ್ಲಿ ವೆಸ್ಟ್ ಪಾಯಿಂಟ್ ಸೇನಾ ಶಾಲೆಯಿಂದ ಹೊರಬಂದು ಮೆಕ್ಸಿಕೊ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿಯಾಗಿ ಹೆಸರು ಮಾಡಿದ. 1851ರಿಂದ ಲೆಕ್ಸಿಂಗ್ಟನ್‌ನ ವರ್ಜೀನಿಯ ಮಿಲಿಟರಿ ಇನ್‌ಸ್ಟಿಟ್ಯೂಟ್‌ನಲ್ಲಿ ಭೌತವಿಜ್ಞಾನವನ್ನೂ ಫಿರಂಗಿ ವಿದ್ಯೆಯನ್ನೂ ಕಲಿಸಿದ. ಕಟ್ಟಾ ಪ್ರೆಸ್ಬಿಟೇರಿಯನ್, ಮಿತಭಾಷಿ, ಶಿಸ್ತಿನ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಡದವನು. ಅವನ ಮನೆಯಲ್ಲಿ ಗುಲಾಮರಿದ್ದರು. 1861ರ ಜುಲೈ 21ರಂದು ಮೊದಲನೆಯ ಮನಾಸಸ್ ಕದನದಲ್ಲಿ ಅವನ ಬ್ರಿಗೇಡ್ ಗುಡ್ಡದ ಮೇಲೆ ಕದಲದೆ ನಿಂತಿತು. ‘ಕಲ್ಲುಗೋಡೆ’ ಎಂಬ ಬಿರುದು ಬಂದದ್ದು ಅಂದು.

ಅವನ ಕೀರ್ತಿಯ ಬುನಾದಿ 1862ರ ವಸಂತದ ಶೆನಂಡೋವಾ ಕಣಿವೆಯ ಕಾರ್ಯಾಚರಣೆ. ಆಗ ಉತ್ತರದ ಜಾರ್ಜ್ ಮೆಕ್‌ಕ್ಲೆಲನ್ ದೊಡ್ಡ ಸೈನ್ಯದೊಂದಿಗೆ ದಕ್ಷಿಣದ ರಾಜಧಾನಿ ರಿಚ್ಮಂಡ್‌ನತ್ತ ಸಾಗುತ್ತಿದ್ದ. ಅವನಿಗೆ ಇನ್ನಷ್ಟು ಬಲ ಸೇರದಂತೆ ತಡೆಯುವುದು ಜಾಕ್ಸನ್‌ನ ಕೆಲಸವಾಗಿತ್ತು. ಸುಮಾರು 17,000 ಜನರನ್ನು ಕಟ್ಟಿಕೊಂಡು, ಜೆಡಿಡಾಯ ಹಾಚ್‌ಕಿಸ್ ಎಂಬ ಭೂಪಟಗಾರ ಬರೆದುಕೊಟ್ಟ ನಕ್ಷೆಗಳನ್ನು ನಂಬಿ, ಅವನು 48 ದಿನಗಳಲ್ಲಿ 600ಕ್ಕೂ ಹೆಚ್ಚು ಮೈಲಿ ನಡೆಸಿದ. ಮೆಕ್‌ಡೊವೆಲ್, ಫ್ರಂಟ್ ರಾಯಲ್, ವಿಂಚೆಸ್ಟರ್, ಕ್ರಾಸ್ ಕೀಸ್, ಪೋರ್ಟ್ ರಿಪಬ್ಲಿಕ್‌ಗಳಲ್ಲಿ ಗೆದ್ದ. ಉತ್ತರದ ಮೂರು ಬೇರೆಬೇರೆ ಪಡೆಗಳನ್ನು ಒಂದಾಗಲು ಬಿಡದೆ ಒಂದೊಂದಾಗಿ ಹೊಡೆದ. ಅವನ ಕಾಲಾಳುಗಳಿಗೆ ‘ಕಾಲ್ನಡಿಗೆಯ ಅಶ್ವದಳ’ ಎಂಬ ಹೆಸರು ಬಂತು. ವಾಷಿಂಗ್ಟನ್‌ನಲ್ಲಿ ಹುಟ್ಟಿದ ದಿಗಿಲಿನಿಂದಾಗಿ ಮೆಕ್‌ಕ್ಲೆಲನ್‌ಗೆ ಸಿಗಬೇಕಿದ್ದ ಹತ್ತಾರು ಸಾವಿರ ಸೈನಿಕರು ಸಿಗಲಿಲ್ಲ. ಒಬ್ಬ ಸೇನಾನಿಯ ಚುರುಕು ಇನ್ನೊಂದು ರಣರಂಗದ ಲೆಕ್ಕವನ್ನೇ ಬದಲಿಸಿತೆಂದು ಖಚಿತವಾಗಿ ಹೇಳಬಹುದಾದ ಸಂದರ್ಭ ಇದು.

ಆದರೆ ಅದೇ ಬೇಸಿಗೆಯಲ್ಲಿ ಇನ್ನೊಬ್ಬ ಜಾಕ್ಸನ್ ಕಾಣಿಸಿಕೊಂಡ. ಜೂನ್ ಕೊನೆಯಲ್ಲಿ ರಿಚ್ಮಂಡ್ ಬಳಿ ನಡೆದ ‘ಏಳು ದಿನಗಳ ಕದನ’ಗಳಲ್ಲಿ ಅವನು ಮೆಕ್ಯಾನಿಕ್ಸ್‌ವಿಲ್‌ಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಜೂನ್ 30ರಂದು ವೈಟ್ ಓಕ್ ಸ್ವಾಂಪ್‌ನಲ್ಲಿ ದಣಿದು ನಿದ್ದೆಗೆ ಜಾರಿದ, ಶತ್ರು ತಪ್ಪಿಸಿಕೊಂಡ. ತನ್ನ ಯೋಜನೆಯನ್ನು ಕೈಕೆಳಗಿನ ಸೇನಾನಿಗಳಿಗೂ ತಿಳಿಸದ ಗುಟ್ಟುತನ, ಸಣ್ಣ ತಪ್ಪಿಗೂ ಅಧಿಕಾರಿಗಳನ್ನು ಬಂಧನದಲ್ಲಿಡುವ ಕಟುತನ ಅವನ ಪಡೆಯಲ್ಲಿ ಬಿರುಕು ತಂದಿದ್ದವು. ಎ.ಪಿ. ಹಿಲ್‌ನೊಂದಿಗಿನ ಜಗಳ ಅವನು ಸಾಯುವವರೆಗೂ ಬಗೆಹರಿಯಲಿಲ್ಲ. ಆಗಸ್ಟ್‌ನಲ್ಲಿ ಅವನು ಮತ್ತೆ ಹಳೆಯ ವೇಗಕ್ಕೆ ಬಂದ. ಎರಡು ದಿನಗಳಲ್ಲಿ 50ಕ್ಕೂ ಹೆಚ್ಚು ಮೈಲಿ ನಡೆದು ಮನಾಸಸ್ ಜಂಕ್ಷನ್‌ನ ಸರಕು ದಾಸ್ತಾನನ್ನು ವಶಪಡಿಸಿಕೊಂಡ. ಸೆಪ್ಟೆಂಬರ್‌ನಲ್ಲಿ ಹಾರ್ಪರ್ಸ್ ಫೆರಿಯಲ್ಲಿ 12,000ಕ್ಕೂ ಹೆಚ್ಚು ಶತ್ರುಗಳನ್ನು ಸೆರೆಹಿಡಿದ. ಒಟ್ಟಿನಲ್ಲಿ ಅವನ ದಾಖಲೆ ಅಸಾಧಾರಣವಾದರೂ ಏಕರೂಪದ್ದಲ್ಲ. ಸ್ವತಂತ್ರವಾಗಿ ಓಡಾಡಲು ಬಿಟ್ಟಾಗ ಮಿಂಚಿದವನು, ಬೇರೆ ಪಡೆಗಳೊಂದಿಗೆ ಹೆಜ್ಜೆ ಹಾಕಬೇಕಾದಾಗ ಎಡವಿದ್ದೂ ಉಂಟು.

1863ರ ಮೇ ಮೊದಲ ವಾರದ ಚಾನ್ಸಲರ್ಸ್‌ವಿಲ್ ಕದನ ಅವನ ಕೊನೆಯದು, ಅತ್ಯಂತ ಪ್ರಸಿದ್ಧವಾದದ್ದೂ ಹೌದು. ಉತ್ತರದ ಜೋಸೆಫ್ ಹೂಕರ್ ಬಳಿ ಸುಮಾರು 1,30,000 ಸೈನಿಕರಿದ್ದರು. ದಕ್ಷಿಣದ ರಾಬರ್ಟ್ ಲೀ ಬಳಿ ಅದರ ಅರ್ಧದಷ್ಟೂ ಇರಲಿಲ್ಲ. ಹೂಕರ್‌ನ ಬಲಪಕ್ಕೆಗೆ ಕಾವಲಿಲ್ಲವೆಂಬ ಸುದ್ದಿಯನ್ನು ಅಶ್ವದಳ ತಂದಿತು. ಮೇ 2ರಂದು ಜಾಕ್ಸನ್ ಸುಮಾರು 28,000 ಜನರೊಂದಿಗೆ ಕಾಡುದಾರಿಯಲ್ಲಿ 12 ಮೈಲಿ ಸುತ್ತಿ ಬಂದು, ಸಂಜೆ ಐದರ ನಂತರ ಆಲಿವರ್ ಹೊವರ್ಡ್‌ನ ಹನ್ನೊಂದನೆಯ ಕೋರ್ ಮೇಲೆ ಎರಗಿದ. ಆ ಕೋರ್ ಚದುರಿ ಓಡಿತು. ಕತ್ತಲಾದ ಮೇಲೂ ದಾಳಿ ಮುಂದುವರಿಸುವ ಆಸೆಯಿಂದ ಜಾಕ್ಸನ್ ತನ್ನ ಸಾಲಿನಿಂದ ಮುಂದೆ ಹೋಗಿ ನೆಲ ನೋಡಿದ. ಹಿಂತಿರುಗುವಾಗ ನಾರ್ತ್ ಕರೊಲಿನದ 18ನೆಯ ರೆಜಿಮೆಂಟಿನವರು ಶತ್ರುಗಳೆಂದು ತಿಳಿದು ಗುಂಡು ಹಾರಿಸಿದರು. ಮೂರು ಗುಂಡುಗಳು ತಗುಲಿದವು. ವೈದ್ಯ ಹಂಟರ್ ಮೆಗ್ವಾಯರ್ ಎಡಗೈಯನ್ನು ಕತ್ತರಿಸಿದ. ಗಾಯ ಮಾಯುತ್ತಿದೆ ಎನ್ನುವಷ್ಟರಲ್ಲಿ ನ್ಯುಮೋನಿಯಾ ಅಂಟಿಕೊಂಡು, ಗಿನಿ ಸ್ಟೇಷನ್‌ನಲ್ಲಿ ಅವನು ತೀರಿಕೊಂಡ. ವಯಸ್ಸು 39.

ಅವನಿಲ್ಲದೆ ಲೀ ತನ್ನ ಸೈನ್ಯವನ್ನು ಮರುಜೋಡಿಸಬೇಕಾಯಿತು. ಎರಡಿದ್ದ ಕೋರ್‌ಗಳು ಮೂರಾದವು. ಒಂದು ಜೇಮ್ಸ್ ಲಾಂಗ್‌ಸ್ಟ್ರೀಟ್‌ನ ಕೈಯಲ್ಲೇ ಉಳಿಯಿತು. ಉಳಿದೆರಡನ್ನು ರಿಚರ್ಡ್ ಯೂಯೆಲ್ ಮತ್ತು ಎ.ಪಿ. ಹಿಲ್ ವಹಿಸಿಕೊಂಡರು. ಇಬ್ಬರಿಗೂ ಅಷ್ಟು ದೊಡ್ಡ ಹೊಣೆ ಹೊಸತು. ಲೀ ಆಜ್ಞೆ ಕೊಡುವ ರೀತಿ ಮಾತ್ರ ಬದಲಾಗಲಿಲ್ಲ. ಗುರಿ ಹೇಳಿ, ಅದನ್ನು ಸಾಧಿಸುವ ಬಗೆಯನ್ನು ಕೈಕೆಳಗಿನವನ ವಿವೇಚನೆಗೆ ಬಿಡುವುದು ಅವನ ಪದ್ಧತಿಯಾಗಿತ್ತು. ಜಾಕ್ಸನ್‌ಗೆ ಒಗ್ಗಿದ್ದ ಈ ಪದ್ಧತಿಯ ಪರೀಕ್ಷೆ ಎರಡು ತಿಂಗಳೊಳಗೆ ಗೆಟಿಸ್‌ಬರ್ಗ್‌ನಲ್ಲಿ ಎದುರಾಯಿತು.

1863ರ ಜುಲೈ 1ರ ಸಂಜೆ ಉತ್ತರದ ಎರಡು ಕೋರ್‌ಗಳು ಸೋತು ಊರಿನ ಮೂಲಕ ಹಿಮ್ಮೆಟ್ಟಿ ಸೆಮೆಟರಿ ಹಿಲ್ ಎಂಬ ಗುಡ್ಡ ಹತ್ತಿದವು. ಸಾಧ್ಯವೆನಿಸಿದರೆ ಗುಡ್ಡ ಹಿಡಿ, ಆದರೆ ಸೈನ್ಯವೆಲ್ಲ ಬಂದು ಸೇರುವ ತನಕ ದೊಡ್ಡ ಕಾಳಗಕ್ಕಿಳಿಯಬೇಡ ಎಂಬ ಅರ್ಥದ ಆಜ್ಞೆಯನ್ನು ಲೀ ಯೂಯೆಲ್‌ಗೆ ಕಳಿಸಿದ. ಯೂಯೆಲ್ ದಾಳಿ ಮಾಡಲಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಉತ್ತರದವರು ಅಲ್ಲಿ ಬೇರೂರಿದರು. ಜುಲೈ 2 ಮತ್ತು 3ರ ದಾಳಿಗಳು ಆ ಎತ್ತರದ ಸಾಲಿಗೆ ಬಡಿದು ಮುರಿದವು. ಯೂಯೆಲ್‌ನ ಜಾಗದಲ್ಲಿ ಜಾಕ್ಸನ್ ಇದ್ದಿದ್ದರೆ ಗುಡ್ಡ ಅಂದೇ ದಕ್ಷಿಣದ ಪಾಲಾಗುತ್ತಿತ್ತು ಎಂಬುದು ‘ಜಾಕ್ಸನ್ ಇದ್ದಿದ್ದರೆ’ ಎನ್ನುವವರ ಮುಖ್ಯ ವಾದ.

ಆದರೆ ಯೂಯೆಲ್‌ನ ಎದುರಿಗಿದ್ದ ಪರಿಸ್ಥಿತಿಯನ್ನು ನೋಡಿದರೆ ಈ ವಾದ ಸಡಿಲವಾಗುತ್ತದೆ. ಅವನ ಬಳಿಯಿದ್ದ ಎರಡು ಡಿವಿಷನ್‌ಗಳಲ್ಲಿ ರೋಡ್ಸ್‌ನದು ಆ ಮಧ್ಯಾಹ್ನವೇ 2,500ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಪೂರ್ವದ ರಸ್ತೆಯಲ್ಲಿ ಶತ್ರು ಬರುತ್ತಿದ್ದಾನೆಂಬ ವದಂತಿಯಿಂದ ಜೂಬಲ್ ಅರ್ಲಿಯ ಎರಡು ಬ್ರಿಗೇಡ್‌ಗಳು ಆ ಕಡೆ ತಿರುಗಿದ್ದವು. ಮೂರನೆಯ ಡಿವಿಷನ್ ಬಂದಾಗ ಕತ್ತಲಾಗುತ್ತಿತ್ತು. ಪಕ್ಕದ ಹಿಲ್‌ನ ಕೋರ್‌ನಿಂದ ನೆರವು ಸಿಗಲಿಲ್ಲ. ಗುಡ್ಡದ ಮೇಲೆ ಹೊವರ್ಡ್ ಮೊದಲೇ ಬಿಟ್ಟಿದ್ದ ದಣಿಯದ ಬ್ರಿಗೇಡ್ ಒಂದಿತ್ತು, ಹತ್ತಾರು ತೋಪುಗಳಿದ್ದವು, ಚದುರಿದವರನ್ನು ಸಾಲುಗೂಡಿಸಲು ವಿನ್‌ಫೀಲ್ಡ್ ಹ್ಯಾಂಕಾಕ್ ಬಂದಿದ್ದ. ಜಾಕ್ಸನ್ ಬಹುಶಃ ದಾಳಿ ಮಾಡುತ್ತಿದ್ದ; ಅದು ಗೆಲ್ಲುತ್ತಿತ್ತು ಎನ್ನಲು ಆಧಾರ ಸಾಲದು. ಗೆದ್ದಿದ್ದರೂ ಉತ್ತರದ ಸೇನಾಪತಿ ಮೀಡ್‌ನ ಬಹುಪಾಲು ಸೈನ್ಯ ಇನ್ನೂ ಗೆಟಿಸ್‌ಬರ್ಗ್‌ಗೆ ಬಂದೇ ಇರಲಿಲ್ಲ. ಮೇರಿಲ್ಯಾಂಡಿನ ಪೈಪ್ ಕ್ರೀಕ್ ಹಳ್ಳದ ಉದ್ದಕ್ಕೂ ಎದುರು ನಿಲ್ಲುವ ಯೋಜನೆಯನ್ನು ಅವನು ಆಗಲೇ ಬರೆದಿಟ್ಟಿದ್ದ. ಗುಡ್ಡ ಕೈತಪ್ಪಿದ್ದರೆ ಕಾಳಗದ ಜಾಗ ಬದಲಾಗುತ್ತಿತ್ತು, ಉತ್ತರದ ಸೈನ್ಯ ಇಲ್ಲವಾಗುತ್ತಿರಲಿಲ್ಲ. ಇನ್ನೂ ಒಂದು ಮಾತಿದೆ: ಜಾಕ್ಸನ್ ಬದುಕಿದ್ದಿದ್ದರೆ ಸೈನ್ಯ ಮೂರು ಕೋರ್‌ಗಳಾಗಿ ಒಡೆಯುತ್ತಿತ್ತೋ ಇಲ್ಲವೋ, ಅದು ಅದೇ ದಾರಿಯಲ್ಲಿ ಸಾಗಿ ಅದೇ ಊರಿಗೆ ಬರುತ್ತಿತ್ತೋ ಇಲ್ಲವೋ. ಒಂದು ಸಂಗತಿಯನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲ ಹಾಗೆಯೇ ನಡೆಯಿತೆಂದು ಊಹಿಸುವುದು ಸರಿಯಾದ ಲೆಕ್ಕವಲ್ಲ.

ಯುದ್ಧ ವರ್ಜೀನಿಯದಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ದಕ್ಷಿಣದ ಅತಿ ದೊಡ್ಡ ನಗರವಾದ ನ್ಯೂ ಆರ್ಲಿಯನ್ಸ್ 1862ರ ಏಪ್ರಿಲ್‌ನಲ್ಲೇ ಕೈತಪ್ಪಿತ್ತು. ಗೆಟಿಸ್‌ಬರ್ಗ್‌ನ ಮರುದಿನ, ಜುಲೈ 4ರಂದು, ವಿಕ್ಸ್‌ಬರ್ಗ್‌ನಲ್ಲಿ ಸುಮಾರು 29,000 ಸೈನಿಕರು ಯುಲಿಸಿಸ್ ಗ್ರಾಂಟ್‌ಗೆ ಶರಣಾದರು. ಐದು ದಿನಗಳ ಮೇಲೆ ಪೋರ್ಟ್ ಹಡ್ಸನ್ ಕೂಡ ಬಿತ್ತು. ಮಿಸಿಸಿಪ್ಪಿ ನದಿಯಿಡೀ ಉತ್ತರದ ವಶವಾಗಿ ದಕ್ಷಿಣ ಎರಡು ಹೋಳಾಯಿತು. ಜಾಕ್ಸನ್‌ನ ಸಾವಿಗೂ ಈ ಸೋಲುಗಳಿಗೂ ಸಂಬಂಧವಿಲ್ಲ. ಪಶ್ಚಿಮದ ರಣರಂಗ ತನ್ನದೇ ಸೇನಾಪತಿಯನ್ನು, ಆಲ್ಬರ್ಟ್ ಸಿಡ್ನಿ ಜಾನ್‌ಸ್ಟನ್‌ನನ್ನು, 1862ರ ಏಪ್ರಿಲ್ 6ರಂದು ಶೈಲೋದಲ್ಲಿ ಕಳೆದುಕೊಂಡಿತ್ತು. ಅಲ್ಲಿಯೂ ‘ಅವನು ಉಳಿದಿದ್ದರೆ’ ಎಂಬ ಮಾತು ಹುಟ್ಟಿಕೊಂಡಿದೆ.

ಸಂಪತ್ತು ಮತ್ತು ಜನಬಲದ ಲೆಕ್ಕವೂ ದಕ್ಷಿಣಕ್ಕೆ ಪ್ರತಿಕೂಲವಾಗಿತ್ತು. ಉತ್ತರದಲ್ಲಿ ಸುಮಾರು 2 ಕೋಟಿ 20 ಲಕ್ಷ ಜನರಿದ್ದರು. ದಕ್ಷಿಣದ 90 ಲಕ್ಷದಲ್ಲಿ ಸುಮಾರು 35 ಲಕ್ಷ ಮಂದಿ ಗುಲಾಮರು. ರೈಲುಹಾದಿ ಉತ್ತರದಲ್ಲಿ ಸುಮಾರು 22,000 ಮೈಲಿ, ದಕ್ಷಿಣದಲ್ಲಿ 9,000. ಕಾರ್ಖಾನೆಗಳ ಉತ್ಪಾದನೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಉತ್ತರದ್ದು. ನೌಕಾ ದಿಗ್ಬಂಧನ ಹತ್ತಿಯ ರಫ್ತಿನ ಕತ್ತು ಹಿಸುಕಿತು. 1863ರ ಜನವರಿ 1ರ ವಿಮೋಚನಾ ಘೋಷಣೆಯ ಬಳಿಕ ಉತ್ತರದ ಸೈನ್ಯಕ್ಕೆ ಸುಮಾರು 1,80,000 ಕಪ್ಪು ಸೈನಿಕರು ಸೇರಿದರು. ಅವರಲ್ಲಿ ಬಹಳ ಮಂದಿ ದಕ್ಷಿಣದ ತೋಟಗಳಿಂದ ಬಿಡುಗಡೆ ಪಡೆದವರು. ಉತ್ತರಕ್ಕೆ ಸಿಕ್ಕ ಈ ದುಡಿಮೆಯ ಕೈಗಳು ದಕ್ಷಿಣಕ್ಕೆ ನಷ್ಟವಾದವು. ಇದು ಯಾವ ರಣತಂತ್ರವೂ ತುಂಬಿಕೊಡಲಾರದ ನಷ್ಟ.

ಆದರೂ ದಕ್ಷಿಣದ ಸೋಲು ಮೊದಲೇ ಬರೆದಿಟ್ಟದ್ದಾಗಿರಲಿಲ್ಲ. ದಕ್ಷಿಣ ಉತ್ತರವನ್ನು ಗೆಲ್ಲಬೇಕಿರಲಿಲ್ಲ. ಉತ್ತರದ ಮತದಾರರಿಗೆ ಯುದ್ಧ ಸಾಕೆನ್ನಿಸಿದ್ದರೆ ಸಾಕಿತ್ತು. 1864ರ ಬೇಸಿಗೆಯಲ್ಲಿ ಆ ಗಳಿಗೆ ಹತ್ತಿರ ಬಂದಿತ್ತು. ವರ್ಜೀನಿಯದಲ್ಲಿ ಗ್ರಾಂಟ್‌ನ ಸೈನ್ಯ ಮೇ ಮತ್ತು ಜೂನ್‌ಗಳಲ್ಲಿ ಸುಮಾರು 55,000 ಜನರನ್ನು ಕಳೆದುಕೊಂಡು ಪೀಟರ್ಸ್‌ಬರ್ಗ್ ಮುಂದೆ ನಿಂತಿತ್ತು. ತಾನು ಮರುಆಯ್ಕೆಯಾಗುವುದು ಅನುಮಾನವೆಂದು ಆಗಸ್ಟ್ 23ರಂದು ಅಧ್ಯಕ್ಷ ಲಿಂಕನ್ ಬರೆದು, ಒಳಗಿರುವುದನ್ನು ತೋರಿಸದೆ ಆ ಕಾಗದಕ್ಕೆ ಸಚಿವರ ಸಹಿ ಪಡೆದ. ಈ ಗಾಳಿಯನ್ನು ತಿರುಗಿಸಿದ್ದು ಸೆಪ್ಟೆಂಬರ್ 2ರಂದು ವಿಲಿಯಂ ಶೆರ್ಮನ್‌ಗೆ ಸಿಕ್ಕ ಅಟ್ಲಾಂಟಾ. ಬೆನ್ನಿಗೇ ಫಿಲಿಪ್ ಶೆರಿಡನ್ ಶೆನಂಡೋವಾ ಕಣಿವೆಯಲ್ಲಿ ವಿಂಚೆಸ್ಟರ್, ಫಿಶರ್ಸ್ ಹಿಲ್, ಸೀಡರ್ ಕ್ರೀಕ್ ಕದನಗಳನ್ನು ಗೆದ್ದ. ನವೆಂಬರ್ 8ರಂದು ಲಿಂಕನ್ ಶೇಕಡಾ 55ರಷ್ಟು ಮತ ಪಡೆದು ಮತ್ತೆ ಆಯ್ಕೆಯಾದ.

ಜಾಕ್ಸನ್‌ನ ಬದುಕು ಯುದ್ಧದ ಫಲವನ್ನು ಮುಟ್ಟಬಹುದಾಗಿದ್ದ ಜಾಗ ಎಂದರೆ ಗೆಟಿಸ್‌ಬರ್ಗ್‌ಗಿಂತ ಹೆಚ್ಚಾಗಿ ಈ ಕಣಿವೆಯೇ. ಅಲ್ಲಿನ ಒಂದೊಂದು ತಿರುವನ್ನೂ ಅವನು ಬಲ್ಲವನಾಗಿದ್ದ. ಆದರೆ 1862ರಲ್ಲಿ ಅವನ ಎದುರಿಗಿದ್ದ ಚದುರಿದ, ಅಂಜುಬುರುಕ ಸೇನಾನಿಗಳ ಜಾಗದಲ್ಲಿ ಈಗ ಒಬ್ಬನೇ ನಾಯಕನ ಕೈಯಲ್ಲಿ ಸುಮಾರು 40,000 ಜನರಿದ್ದರು. ದಕ್ಷಿಣದ ಪರವಾಗಿ ಅಲ್ಲಿದ್ದ ಅರ್ಲಿಯ ಬಳಿ ಅದರ ಅರ್ಧವೂ ಇರಲಿಲ್ಲ. ಜಾಕ್ಸನ್ ಅಲ್ಲಿ ಗೆದ್ದಿದ್ದರೂ ಅಟ್ಲಾಂಟಾದ ಸುದ್ದಿಯನ್ನು ಅಳಿಸಲಾಗುತ್ತಿರಲಿಲ್ಲ. ಅಲ್ಲದೆ ಅವನ ಕೌಶಲವೆಲ್ಲ ದಾಳಿಯಲ್ಲಿತ್ತು. ಚಾನ್ಸಲರ್ಸ್‌ವಿಲ್ ಗೆಲುವಿಗೆ ಲೀ ತೆತ್ತದ್ದು ಸುಮಾರು 13,000 ಜನ, ಅಂದರೆ ಸೈನ್ಯದ ಐದನೆಯ ಒಂದು ಪಾಲಿಗಿಂತ ಹೆಚ್ಚು. ಹೂಕರ್ ಸುಮಾರು 17,000 ಜನರನ್ನು ಕಳೆದುಕೊಂಡರೂ ಅವನ ಸೈನ್ಯಕ್ಕೆ ಅದು ಚಿಕ್ಕ ಪಾಲು. 1864ರಲ್ಲಿ ದಕ್ಷಿಣಕ್ಕೆ ಬೇಕಿದ್ದದ್ದು ಜನರನ್ನು ಉಳಿಸಿಕೊಂಡು ಕಾಲ ತಳ್ಳುವುದು. ಅದು ಜಾಕ್ಸನ್‌ನ ಜಾಯಮಾನವಾಗಿರಲಿಲ್ಲ.

ಮುಂದಿನ ಎರಡು ವರ್ಷ ಅವನು ಗಾಯವಿಲ್ಲದೆ ಉಳಿಯುತ್ತಿದ್ದ ಎನ್ನಲೂ ಬಾರದು. 1864ರ ಮೇ 6ರಂದು, ಜಾಕ್ಸನ್‌ಗೆ ಗುಂಡು ತಗುಲಿದ ಅದೇ ಕಾಡುಪ್ರದೇಶದಲ್ಲಿ, ಲಾಂಗ್‌ಸ್ಟ್ರೀಟ್ ಕೂಡ ತನ್ನವರ ಗುಂಡಿಗೇ ಸಿಕ್ಕಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದ. ಮೇ 12ರಂದು ಅಶ್ವದಳದ ಜೆಬ್ ಸ್ಟುವರ್ಟ್ ಸತ್ತ. 1865ರ ಏಪ್ರಿಲ್ 2ರಂದು ಹಿಲ್ ಸತ್ತ. ಉತ್ತರವೂ ರೆನಾಲ್ಡ್ಸ್, ಸೆಡ್ಜ್‌ವಿಕ್, ಮೆಕ್‌ಫರ್ಸನ್‌ರಂಥ ಕೋರ್ ಮತ್ತು ಸೈನ್ಯ ಮಟ್ಟದ ನಾಯಕರನ್ನು ಕಳೆದುಕೊಂಡಿತು. ಆದರೆ ಅವರ ಜಾಗ ತುಂಬಲು ಜನರಿದ್ದರು, ಪಡೆಗಳು ನಿಲ್ಲಲಿಲ್ಲ. ಒಬ್ಬನ ಸಾವು ಇಷ್ಟು ದೊಡ್ಡ ಪ್ರಶ್ನೆಯಾದದ್ದೇ ದಕ್ಷಿಣದ ಬಲ ಎಷ್ಟು ಕಡಿಮೆ ಜನರ ಮೇಲೆ ನಿಂತಿತ್ತೆಂಬುದನ್ನು ಹೇಳುತ್ತದೆ.

ಈ ಪ್ರಶ್ನೆ ಬೆಳೆದದ್ದು ಯುದ್ಧ ಮುಗಿದ ಮೇಲೆ. ತನ್ನ ಬಳಿ ಜಾಕ್ಸನ್ ಇದ್ದಿದ್ದರೆ ಗೆಟಿಸ್‌ಬರ್ಗ್ ಗೆಲ್ಲುತ್ತಿದ್ದೆ ಎಂದು ಲೀ ಹೇಳಿದ್ದನೆಂಬ ವರದಿಗಳು ಹರಡಿದವು. 1870ರಲ್ಲಿ ಲೀ ತೀರಿಕೊಂಡ ಬಳಿಕ ಅರ್ಲಿ ಮತ್ತು ಅವನ ಜೊತೆಗಾರರು ಗೆಟಿಸ್‌ಬರ್ಗ್‌ನ ತಪ್ಪನ್ನು ಲಾಂಗ್‌ಸ್ಟ್ರೀಟ್‌ನ ತಲೆಗೆ ಕಟ್ಟಿದರು; ಯುದ್ಧಾನಂತರ ರಿಪಬ್ಲಿಕನ್ ಪಕ್ಷ ಸೇರಿದ್ದ ಅವನು ಸುಲಭ ಗುರಿಯಾದ. ಜುಲೈ 1ರಂದು ಯೂಯೆಲ್‌ನ ಕೈಕೆಳಗೆ ಆ ಗುಡ್ಡದ ಎದುರು ನಿಂತಿದ್ದವರಲ್ಲಿ ಅರ್ಲಿಯೂ ಒಬ್ಬನಾಗಿದ್ದ. ಸೋಲಿಗೆ ಆಕಸ್ಮಿಕ ಗುಂಡೊಂದು ಕಾರಣವಾದರೆ ದಕ್ಷಿಣದ ಧ್ಯೇಯವನ್ನಾಗಲಿ, ಗುಲಾಮಗಿರಿಯ ಮೇಲೆ ನಿಂತ ಅದರ ಸಮಾಜವನ್ನಾಗಲಿ ಪ್ರಶ್ನಿಸಬೇಕಾಗಿರಲಿಲ್ಲ. 1898ರಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಎಫ್.ಆರ್. ಹೆಂಡರ್ಸನ್ ಬರೆದ ಜೀವನಚರಿತ್ರೆ ಜಾಕ್ಸನ್‌ನ ಹೆಸರನ್ನು ಅಮೆರಿಕದಾಚೆಗೂ ಕೊಂಡೊಯ್ದಿತು. 1919ರಲ್ಲಿ ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂದಲ್ಲಿ ನಿಲ್ಲಿಸಿದ ಅವನ ಪ್ರತಿಮೆಯನ್ನು 2020ರ ಜುಲೈನಲ್ಲಿ ತೆಗೆಯಲಾಯಿತು.

ಒಟ್ಟು ನೋಡಿದರೆ, ಜಾಕ್ಸನ್ ಬದುಕಿದ್ದಿದ್ದರೆ ಒಂದು ಸಂಜೆಯ ದಾಳಿ, ಒಂದು ಕದನದ ಗತಿ, ಪ್ರಾಯಶಃ ಒಂದು ಋತುವಿನ ಕಾರ್ಯಾಚರಣೆ ಬೇರೆಯಾಗುತ್ತಿತ್ತು. ಯುದ್ಧ ಕೆಲವು ತಿಂಗಳು ಲಂಬಿಸಲೂಬಹುದಿತ್ತು. ಆದರೆ ಮಿಸಿಸಿಪ್ಪಿಯ ಮೇಲಿನ ಹಿಡಿತ, ದಿಗ್ಬಂಧನ, ಗುಲಾಮರ ಬಿಡುಗಡೆ, ಉತ್ತರದ ಮತಪೆಟ್ಟಿಗೆ ಇವು ವರ್ಜೀನಿಯದ ಒಬ್ಬ ಕೋರ್ ನಾಯಕನ ಕೈಗೆಟಕುವಂಥವಾಗಿರಲಿಲ್ಲ. ಸೇನಾನಿಯೊಬ್ಬನ ಉಳಿವು ಯುದ್ಧದ ಫಲವನ್ನು ಬದಲಿಸಬೇಕಾದರೆ ಎರಡೂ ಕಡೆಯ ಬಲ ಸರಿಸುಮಾರು ಸಮನಾಗಿದ್ದು, ಎಲ್ಲವೂ ಒಂದೇ ರಣರಂಗದ ಮೇಲೆ ನಿಂತಿರಬೇಕು. 1863ರ ಮೇ ಹೊತ್ತಿಗೆ ಅಮೆರಿಕದಲ್ಲಿ ಈ ಎರಡೂ ಇರಲಿಲ್ಲ.