ಉಪಗ್ರಹ ವಾಪಸ್ ಹೋದ ಮೇಲೆ

ಕರ್ನಾಟಕದಲ್ಲಿ ಟಿವಿ ಮೊದಲು ಬಂದಿದ್ದು ಎಲ್ಲಿಗೆ? ಈ ಪ್ರಶ್ನೆ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಬೆಂಗಳೂರು ಅಂತಾರೆ. ಅಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಶಾಲೆ ಮುಂದೆ ಕೂತು ಕನ್ನಡದ ಕಾರ್ಯಕ್ರಮ ನೋಡಿದ್ದರು. ಆ ಟಿವಿ ಬಂದಿದ್ದು ಜಾಹೀರಾತಿಗಲ್ಲ, ಧಾರಾವಾಹಿಗಲ್ಲ. ಪಾಠ ಹೇಳೋದಕ್ಕೆ.

ಅದರ ಹೆಸರು ಸೈಟ್. ಉಪಗ್ರಹದ ಮೂಲಕ ಶೈಕ್ಷಣಿಕ ಟಿವಿ ಪ್ರಯೋಗ. ವಿಕ್ರಂ ಸಾರಾಭಾಯಿ ಅವರ ಕನಸು. 1969ರಲ್ಲಿ ಅಮೆರಿಕದ ನಾಸಾ ಜೊತೆ ಒಪ್ಪಂದ ಆಯ್ತು. 1971ರಲ್ಲಿ ಸಾರಾಭಾಯಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. 1975ರ ಆಗಸ್ಟ್ 1ರಂದು ಪ್ರಸಾರ ಶುರು. ಆರು ರಾಜ್ಯಗಳ ಸುಮಾರು 2,400 ಹಳ್ಳಿ. ಬೆಳಿಗ್ಗೆ ಮಕ್ಕಳಿಗೆ, ಸಂಜೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ ಅಂತ ದೊಡ್ಡವರಿಗೆ. ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿಯಲ್ಲಿ ಹತ್ತು ಅಡಿ ಅಗಲದ ಡಿಶ್ ಮಾಡಿದ್ದರು. ಸೆಟ್‌ಗಳು ತಯಾರಾಗಿದ್ದು ಹೈದರಾಬಾದಿನ ಸರ್ಕಾರಿ ಕಾರ್ಖಾನೆಯಲ್ಲಿ. ಕರೆಂಟ್ ಇಲ್ಲದ ಕೆಲವು ಊರುಗಳಲ್ಲಿ ಬ್ಯಾಟರಿ ಮೇಲೆ ಓಡಿಸಿದರು.

ನನಗೆ ಈ ಪ್ರಯೋಗದಲ್ಲಿ ಉಪಗ್ರಹಕ್ಕಿಂತ ಮುಖ್ಯ ಅನ್ನಿಸೋದು ಅದರ ಸುತ್ತ ಇದ್ದ ವ್ಯವಸ್ಥೆ. ಸೆಟ್ ಕೆಟ್ಟರೆ ರಿಪೇರಿಗೆ ಆಳು ಇದ್ದ. ಹಳ್ಳಿಯವರಿಗೆ ಏನು ಅರ್ಥ ಆಗ್ತಿದೆ, ಏನು ಆಗ್ತಿಲ್ಲ ಅಂತ ನೋಡೋಕೆ ಸಮಾಜ ವಿಜ್ಞಾನಿಗಳನ್ನು ನೇಮಿಸಿದ್ದರು. ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸೋದು ಹೇಗೆ ಅಂತ 12 ದಿನಗಳ ತರಬೇತಿಯನ್ನು ಇದೇ ಟಿವಿ ಮೂಲಕ ಕೊಟ್ಟರು. ಅಂದರೆ ಯಂತ್ರ ಮೇಷ್ಟ್ರ ಜಾಗಕ್ಕೆ ಬರಲಿಲ್ಲ, ಮೇಷ್ಟ್ರ ಕೈಗೆ ಬಂತು.

ಆದರೆ ಒಂದು ಸಮಸ್ಯೆ ಇತ್ತು. ಉಪಗ್ರಹ ನಮ್ಮದಲ್ಲ. ಒಂದು ವರ್ಷದ ಎರವಲು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಅಮೆರಿಕದವರು ಉಪಗ್ರಹ ವಾಪಸ್ ತಗೊಂಡರು. ಮುಂದೆ 1977ರಲ್ಲಿ ಗುಲ್ಬರ್ಗಾದಲ್ಲಿ ಟಿವಿ ಕೇಂದ್ರ ಬಂತು ನಿಜ. ಆದರೆ ಅದು ಪ್ರಯೋಗ ನಡೆದ ಎಲ್ಲ ಹಳ್ಳಿಗಳನ್ನೂ ಮುಟ್ಟುವಂಥದ್ದಲ್ಲ. ಅಲ್ಲಿಂದಾಚೆಗೆ ದೇಶದಲ್ಲಿ ಟಿವಿ ಬೆಳೆದ ದಾರಿಯೇ ಬೇರೆ. ಆ ದಾರಿಯ ಒಂದು ತುದಿಯಲ್ಲಿ ನಮ್ಮಂಥ ಖಾಸಗಿ ಚಾನೆಲ್‌ಗಳು ನಿಂತಿವೆ. ಪಾಠಕ್ಕೆ ಬಂದ ಪೆಟ್ಟಿಗೆ ಇವತ್ತು ಏನು ತೋರಿಸ್ತಿದೆ ಅನ್ನೋದು ನಿಮಗೇ ಗೊತ್ತು.

ಮುಂದಿನದ್ದು ಇನ್ನೂ ವಿಚಿತ್ರ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಹೆಸರಿನಲ್ಲಿ ಶಾಲೆಗಳಿಗೆ ಕಂಪ್ಯೂಟರ್ ತಂದಿತು. ಇಂಗ್ಲೆಂಡಿನ ಬಿಬಿಸಿ ಮೈಕ್ರೊ ಯಂತ್ರ, ಮೊದಲ ಹಂತದಲ್ಲಿ ಸುಮಾರು 250 ಪ್ರೌಢಶಾಲೆ. ಮೂರು ವರ್ಷ ಕಳೆದು 1987ರಲ್ಲಿ ಅದೇ ಸರ್ಕಾರ ಇನ್ನೊಂದು ಯೋಜನೆ ತಂದಿತು: ಆಪರೇಷನ್ ಬ್ಲ್ಯಾಕ್‌ಬೋರ್ಡ್. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕಪ್ಪುಹಲಗೆ ಮತ್ತು ಅಗತ್ಯ ಪಾಠೋಪಕರಣ. ಮೊದಲು ಕಂಪ್ಯೂಟರ್, ಆಮೇಲೆ ಕಪ್ಪುಹಲಗೆ! ಒಂದು ಪ್ರೌಢಶಾಲೆಗೆ, ಇನ್ನೊಂದು ಪ್ರಾಥಮಿಕ ಶಾಲೆಗೆ ಅಂತ ಸಮಜಾಯಿಷಿ ಕೊಡಬಹುದು. ಆದರೆ ಪ್ರಾಥಮಿಕ ಶಾಲೆ ದಾಟದ ಮಗು ಪ್ರೌಢಶಾಲೆಯ ಕಂಪ್ಯೂಟರ್ ಮುಟ್ಟೋದು ಯಾವಾಗ?

ಸೈಟ್ ಪ್ರಯೋಗ ನಡೆದಾಗ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕರಾಗಿದ್ದವರು ವಿಜ್ಞಾನಿ ಯಶ್ ಪಾಲ್. ಇದೇ ಯಶ್ ಪಾಲ್ ಅವರನ್ನು 1992ರಲ್ಲಿ ಮಕ್ಕಳ ಕಲಿಕೆಯ ಹೊರೆ ಬಗ್ಗೆ ವರದಿ ಕೊಡಿ ಅಂತ ಸರ್ಕಾರ ಕೇಳಿತು. ಆಕಾಶದಿಂದ ಪಾಠ ಇಳಿಸಿದವರು ಇನ್ನೊಂದು ಉಪಗ್ರಹ ಕೇಳಬಹುದಿತ್ತು. 1993ರಲ್ಲಿ ಅವರ ಸಮಿತಿ ಹೇಳಿದ್ದು ಬೇರೆ: ಬ್ಯಾಗಿನ ಭಾರಕ್ಕಿಂತ ದೊಡ್ಡ ಭಾರ ಅರ್ಥವಾಗದ ಪಾಠದ್ದು. ಈ ಮಾತು ಇವತ್ತಿನ ಸ್ಮಾರ್ಟ್ ಕ್ಲಾಸ್‌ಗೂ ಅನ್ವಯಿಸುತ್ತೆ. ಅರ್ಥವಾಗದ ಪಾಠವನ್ನು ಪರದೆ ಮೇಲೆ ಹಾಕಿದರೆ ಅದು ಬಣ್ಣಬಣ್ಣದ ಅರ್ಥವಾಗದ ಪಾಠ ಆಗುತ್ತೆ, ಅಷ್ಟೆ.

2004ರಲ್ಲಿ ನಮ್ಮದೇ ಉಪಗ್ರಹ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಈ ಸಲ ಎರವಲಲ್ಲ. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠ ಬಂತು. 2010ರಲ್ಲಿ ಉಪಗ್ರಹದ ಕೆಲಸ ಮುಗಿಯಿತು. 2011ರಲ್ಲಿ ದೆಹಲಿಯಲ್ಲಿ ಆಕಾಶ್ ಟ್ಯಾಬ್ಲೆಟ್ ಬಿಡುಗಡೆ ಆಯ್ತು. ಬಡ ವಿದ್ಯಾರ್ಥಿಯ ಕೈಗೆ ಅಗ್ಗದ ಕಂಪ್ಯೂಟರ್ ಅಂದರು. ಈಗ ಅದನ್ನು ಬಳಸ್ತಿರೋ ಒಬ್ಬ ವಿದ್ಯಾರ್ಥಿಯನ್ನು ತೋರಿಸಿ ನೋಡೋಣ.

ಆಮೇಲೆ 2020 ಬಂತು. ಶಾಲೆ ಮುಚ್ಚಿದವು. ಚಂದನ ವಾಹಿನಿಯಲ್ಲಿ ಪಾಠ ಶುರುವಾಯ್ತು. ಮೊಬೈಲ್ ಇದ್ದವರಿಗೆ ಆನ್‌ಲೈನ್ ತರಗತಿ. ಚಿಕ್ಕ ಮಕ್ಕಳಿಗೆ ಅದು ಬೇಡ ಅಂತ ರಾಜ್ಯ ಸರ್ಕಾರ ಆದೇಶ ಹೊರಡಿಸಿತು, ಹೈಕೋರ್ಟ್ ತಡೆ ಕೊಟ್ಟಿತು. ಈ ಜಗ್ಗಾಟದ ನಡುವೆ ಸರ್ಕಾರಿ ಶಾಲೆ ಮಕ್ಕಳ ಹತ್ತಿರ ಹೋದವರು ಯಾರು? ಮೇಷ್ಟ್ರುಗಳು, ಟೀಚರಮ್ಮಂದಿರು. ವಿದ್ಯಾಗಮ ಯೋಜನೆಯಲ್ಲಿ ದೇವಸ್ಥಾನದ ಜಗಲಿ, ಮರದ ನೆರಳು, ವಠಾರದ ಅಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಅದೇ 2020ರ ಜುಲೈನಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗೆ ಒಪ್ಪಿಗೆ ಸಿಕ್ಕಿತು. ಅದರಲ್ಲಿ ತಂತ್ರಜ್ಞಾನಕ್ಕೆ ದೊಡ್ಡ ಜಾಗವೇ ಇದೆ. 2021ರಲ್ಲಿ ಉನ್ನತ ಶಿಕ್ಷಣದಲ್ಲಿ ಅದನ್ನು ಜಾರಿಗೆ ತಂದ ಮೊದಲ ರಾಜ್ಯ ನಾವು ಅಂತ ಒಂದು ಸರ್ಕಾರ ಬೆನ್ನು ತಟ್ಟಿಕೊಂಡಿತು. 2023ರಲ್ಲಿ ಬಂದ ಇನ್ನೊಂದು ಸರ್ಕಾರ ಅದು ಬೇಡ, ನಮ್ಮದೇ ನೀತಿ ಮಾಡ್ತೀವಿ ಅಂತ ಆಯೋಗ ರಚಿಸಿತು. ಯಾರು ಸರಿ ಅನ್ನೋ ಚರ್ಚೆಗೆ ನಮ್ಮ ಸ್ಟುಡಿಯೋದಲ್ಲಿ ಕುರ್ಚಿಗೆ ಬರವಿಲ್ಲ. ಆದರೆ ನೀತಿ ಬದಲಾದಾಗ ಹಳೇ ನೀತಿಯ ಯಂತ್ರಕ್ಕೂ ವಾರಸುದಾರ ಇರಲ್ಲ. ಆ ಬಗ್ಗೆ ಯಾವ ಪಕ್ಷದವರೂ ಮಾತಾಡಲ್ಲ.

ನಾನು ತಂತ್ರಜ್ಞಾನದ ವಿರೋಧಿ ಅಲ್ಲ. ಅನ್ನ ತಿನ್ನೋದೇ ಅದರಿಂದ. 1975ರಲ್ಲಿ ಒಂದು ವರ್ಷದ ಮಟ್ಟಿಗೆ ಅದನ್ನು ಸರಿಯಾಗಿ ಮಾಡಿ ತೋರಿಸಿದ ದೇಶ ನಮ್ಮದು. ಜನರ ಭಾಷೆಯಲ್ಲಿ ಪಾಠ, ಮೇಷ್ಟ್ರಿಗೆ ತರಬೇತಿ, ಕೆಟ್ಟರೆ ರಿಪೇರಿ. ಈಗ ಕೃತಕ ಬುದ್ಧಿಮತ್ತೆಯ ಸರದಿ. ನಿಮ್ಮೂರ ಶಾಲೆಗೂ ಯಾವುದೋ ಒಂದು ಪರದೆ ಬರುತ್ತೆ, ಶಾಸಕರು ಬಂದು ಟೇಪು ಕತ್ತರಿಸ್ತಾರೆ. ಆವತ್ತು ಎಸ್‌ಡಿಎಂಸಿ ಸದಸ್ಯರು ಕೈ ಎತ್ತಿ ಮೂರು ಪ್ರಶ್ನೆ ಕೇಳಬೇಕು. ಮೂರನೇ ವರ್ಷದ ಕರೆಂಟ್ ಬಿಲ್ ಕಟ್ಟೋರು ಯಾರು? ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು? ಖಾಲಿ ಇರೋ ಮೇಷ್ಟ್ರ ಹುದ್ದೆ ಯಾವಾಗ ತುಂಬ್ತೀರಿ? ಉತ್ತರವನ್ನು ಬಾಯಲ್ಲಿ ಅಲ್ಲ, ಕಾಗದದ ಮೇಲೆ ಬರೆಸಿಕೊಳ್ಳಿ.